ಎಐ ಸಂಶೋಧನೆಯೋ, ಪಾಠ ಹೇಳುವುದೋ?

ಪ್ರಶ್ನೆ: ನಾನು ಎಂಸಿಎ ಕೊನೆಯ ವರ್ಷದಲ್ಲಿದ್ದೇನೆ. ಮಕ್ಕಳ ಉತ್ತರ ನೋಡಿಕೊಂಡು ಪಾಠವನ್ನು ತಾನೇ ಬದಲಿಸಿಕೊಳ್ಳುವ ಎಐ ಬಗ್ಗೆ ಪಿಎಚ್.ಡಿ ಮಾಡುವ ಆಸೆ. ಸಂಜೆ ನಮ್ಮ ಮನೆ ಜಗಲಿಯಲ್ಲಿ ಏಳು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಅವರಲ್ಲಿ ಒಬ್ಬ ಹುಡುಗನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅಂಥ ಮಕ್ಕಳಿಗೂ ಹತ್ತುವ ಹಾಗೆ ಪಾಠ ಮಾಡುವುದು ಹೇಗೆ ಅನ್ನುವುದರ ಮೇಲೂ ಕೆಲಸ ಮಾಡಬೇಕು ಅನಿಸುತ್ತದೆ. 'ಅದು ಸಮಾಜಸೇವೆ ಕಣೇ, ಸಂಶೋಧನೆ ಅಲ್ಲ. ಯಾವುದಾದರೂ ಒಂದು ಹಿಡ್ಕೋ' ಅಂತಾರೆ ಗೆಳತಿಯರು. ಯಾವುದನ್ನು ಹಿಡಿಯಲಿ ಅಕ್ಕಾ?
– ಓದುಗಿ, ಸೋಮವಾರಪೇಟೆ

ಉತ್ತರ: ನಿಮ್ಮ ಗೆಳತಿಯರ ಮಾತನ್ನೇ ಮೂರು ವರ್ಷದ ಹಿಂದೆ ನಾನೂ ನಂಬಿದ್ದೆ. ಒಂದು ವರ್ಷದ ಕೆಲಸ ಹಾಳಾಯಿತು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಾನು ನಾಪೋಕ್ಲು ಕಡೆಯವಳು. ಬೆಂಗಳೂರಿನಲ್ಲಿ ಪಿಎಚ್.ಡಿ, ಈಗ ನಾಲ್ಕನೇ ವರ್ಷ. ಮೊದಲ ವರ್ಷ ಬರೆದ ಪ್ರೋಗ್ರಾಂ ಭಿನ್ನರಾಶಿ ಲೆಕ್ಕ ಕೇಳುತ್ತಿತ್ತು. ಸರಿ ಬಂದರೆ ಕಷ್ಟದ ಲೆಕ್ಕ, ತಪ್ಪಾದರೆ ಸುಲಭದ್ದು. ಅದರ ಮೇಲೆ ನನ್ನದೊಂದು ಜಾಣತನ: ಉತ್ತರಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಅಂತಲೂ ನೋಡುತ್ತಿತ್ತು. ತಡವಾದರೆ ಮಗುವಿಗೆ ಗೊತ್ತಿಲ್ಲ, ಸರಿ ಬಂದರೂ ಅದು ಊಹೆ ಎಂದು ತೀರ್ಮಾನ. ಲ್ಯಾಬಿನಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು.

ಜುಲೈ ಕೊನೆಯಲ್ಲಿ ಊರಿಗೆ ಬಂದೆ. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ, ಶಾಲೆಗೆ ರಜೆ ಕೊಟ್ಟಿದ್ದರು. ಲ್ಯಾಪ್‌ಟಾಪನ್ನು ಅಕ್ಕನ ಮಗಳ ಮುಂದೆ ಇಟ್ಟೆ. ಏಳನೇ ಕ್ಲಾಸು, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರಿನಲ್ಲಿ ಪ್ರಶ್ನೆ ಕೇಳಿಸಿಕೊಂಡು, ಟ್ಯಾಬ್ ಒತ್ತಿ ಒತ್ತಿ ಉತ್ತರದ ಜಾಗ ಹುಡುಕುವಷ್ಟರಲ್ಲಿ ಅರ್ಧ ನಿಮಿಷ ಹೋಗುತ್ತಿತ್ತು. ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಕೆಲವು ಪ್ರಶ್ನೆಯನ್ನು ಎರಡೆರಡು ಸಲ ಕೇಳಬೇಕಾಯಿತು. ಎಂಟು ಲೆಕ್ಕಕ್ಕೆ ಎಂಟೂ ಸರಿ! ನನ್ನ ಪ್ರೋಗ್ರಾಂ ಮಾತ್ರ ಅವಳನ್ನು ಒಂದೊಂದೇ ಮೆಟ್ಟಿಲು ಕೆಳಗಿಳಿಸಿ, ಕೊನೆಗೆ ಅರ್ಧಕ್ಕೆ ಅರ್ಧ ಕೂಡಿದರೆ ಎಷ್ಟು ಅಂತ ಕೇಳಿತು. 'ಚಿಕ್ಕಿ, ನಾನು ದಡ್ಡಿ ಅಂತ ಇದಕ್ಕೆ ಯಾರು ಹೇಳಿದ್ರು?' ಅಂದಳು.

ಹೇಳಿದವಳು ನಾನೇ.

ಮಗುವಿಗೆ ಒಂದು ವಿಷಯ ಗೊತ್ತಿದೆಯೋ ಇಲ್ಲವೋ ಅಂತ ಅದರ ಉತ್ತರಗಳಿಂದ ಅಂದಾಜು ಮಾಡಲು ಈ ಕ್ಷೇತ್ರದಲ್ಲಿ ಹಳೆಯ, ಇನ್ನೂ ಬಳಕೆಯಲ್ಲಿರುವ ವಿಧಾನ 'ಬೇಸಿಯನ್ ನಾಲೆಡ್ಜ್ ಟ್ರೇಸಿಂಗ್'. 1990ರ ದಶಕದಲ್ಲಿ ಕಾರ್ಬೆಟ್ ಮತ್ತು ಆಂಡರ್ಸನ್ ಎಂಬ ಸಂಶೋಧಕರು ರೂಪಿಸಿದ್ದು. ಇದಕ್ಕೆ ಬೇಕಾದದ್ದು ನಾಲ್ಕೇ ಅಂಕಿ: ಮಗುವಿಗೆ ಮೊದಲೇ ಗೊತ್ತಿರುವ ಸಾಧ್ಯತೆ, ಒಂದು ಲೆಕ್ಕ ಮಾಡುವಾಗ ಕಲಿತುಬಿಡುವ ಸಾಧ್ಯತೆ, ಗೊತ್ತಿಲ್ಲದೆಯೂ ಊಹೆ ಸರಿಬೀಳುವ ಸಾಧ್ಯತೆ, ಗೊತ್ತಿದ್ದೂ ಕೈತಪ್ಪುವ ಸಾಧ್ಯತೆ. ಕೊನೆಯದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಮೂವತ್ತು ವರ್ಷ ಕಾಫಿ ಕುಯ್ದ ಕೈಯಿಂದಲೂ ಹಣ್ಣಿನ ಜೊತೆ ನಾಲ್ಕು ಹಸಿಕಾಯಿ ಚೀಲಕ್ಕೆ ಬೀಳುತ್ತದೆ, ಅಲ್ವಾ? ಅವರಿಗೆ ಹಣ್ಣು ಯಾವುದೆಂದೇ ಗೊತ್ತಿಲ್ಲ ಅನ್ನುತ್ತೇವಾ?

ಈಗ ನಿಮ್ಮ ಜಗಲಿಯ ಹುಡುಗನಿಗೆ ಬನ್ನಿ. ಅವನು 3 ಅನ್ನು 8 ಎಂದು ಓದಿ ಲೆಕ್ಕ ತಪ್ಪಿಸಿದ ಎಂದುಕೊಳ್ಳಿ. ಅವನ ಕೈತಪ್ಪುವ ಅಂಕಿಯೂ ಉಳಿದ ಆರು ಮಕ್ಕಳ ಅಂಕಿಯೂ ಒಂದೇ ಆಗಲು ಹೇಗೆ ಸಾಧ್ಯ? ಇಡೀ ಕ್ಲಾಸಿಗೆ ಒಂದೇ ಅಂಕಿ ಹಾಕಿದರೆ ಕಣ್ಣಿನ ತಪ್ಪು ಅವನ ಬುದ್ಧಿಯ ಲೆಕ್ಕಕ್ಕೆ ಹೋಗುತ್ತದೆ. ಎರಡನ್ನೂ ಬೇರೆ ಮಾಡುವುದು ಹೇಗೆ? ನನ್ನ ಈಗಿನ ಪ್ರಬಂಧ ಪೂರ್ತಿ ಈ ಒಂದು ಪ್ರಶ್ನೆಯ ಮೇಲೇ ಇದೆ. ಗೆಳತಿಯರು ಎರಡು ಅಂದದ್ದು ನನಗೆ ಒಂದೇ ಆಗಿ ಕಾಣುತ್ತದೆ.

ಕೈಗೆ ಸಿಗುವ ಕೆಲಸದಿಂದ ಶುರು ಮಾಡಿ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರ್ರನ್ ಶುರು ಮಾಡಿದ್ದು, ಅವರಿಗೂ ಕಣ್ಣು ಕಾಣುವುದಿಲ್ಲ. ಕನ್ನಡವನ್ನೂ ಓದುತ್ತದೆ, ದನಿ ಸ್ವಲ್ಪ ಯಂತ್ರದ್ದೇ. ಪರದೆ ಆರಿಸಿ, ನಿಮ್ಮದೇ ನೋಟ್ಸನ್ನು ಅದರಲ್ಲಿ ಕೇಳಿ ನೋಡಿ. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕೇಳಿಸುತ್ತದೆ. ಯಾಕೆಂದರೆ ಒಳಗೆ ಇರುವುದು ಇಂಗ್ಲಿಷ್ ಸಂಕೇತ, ಕನ್ನಡ ಬರೀ ಮೇಲಿನ ವೇಷ. ಪುಸ್ತಕದ ಪುಟವನ್ನು ಸುಮ್ನೆ ಸ್ಕ್ಯಾನ್ ಮಾಡಿ ಹಾಕಿದ್ದರೆ ಅದೂ ಇಲ್ಲ, ಮೌನ. ನನಗಂತೂ ನಾಚಿಕೆಯಾಗಿತ್ತು.

ದುಡ್ಡಿನ ವಿಷಯ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಕಂಪ್ಯೂಟರ್ ಸೈನ್ಸಿನಲ್ಲಿ ಯುಜಿಸಿ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಕೊನೆಯ ವರ್ಷದಲ್ಲಿರುವಾಗಲೇ ಬರೆಯಬಹುದು. ಗೇಟ್ ಎಂಬ ಇನ್ನೊಂದು ಪ್ರವೇಶ ಪರೀಕ್ಷೆಯಲ್ಲಿ 2024ರಿಂದ ಡೇಟಾ ಸೈನ್ಸ್ ಮತ್ತು ಎಐಗೆ ಬೇರೆಯೇ ಪತ್ರಿಕೆ ಇದೆ. ಸಂಭವನೀಯತೆಯ ಗಣಿತ ಗಟ್ಟಿ ಮಾಡಿಕೊಳ್ಳಿ. ಹೊಸ ಹೊಸ ಟೂಲ್ ಕಲಿಯುವುದಕ್ಕಿಂತ ಅದೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು. ಒಂದು ತಿಂಗಳು ಆ ಹುಡುಗನ ತಪ್ಪುಗಳನ್ನು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ ಬರೆಯಿರಿ: ಗೊತ್ತಿಲ್ಲದೆ ಆದದ್ದು, ಕಾಣದೆ ಆದದ್ದು. ಯಾವ ಕಾಲಂ ಅಂತ ತಿಳಿಯದಿದ್ದರೆ ಅವನನ್ನೇ ಕೇಳಿ. ಪಿಎಚ್.ಡಿ ಸಂದರ್ಶನಕ್ಕೆ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ, ಹೆಸರು ಮಾತ್ರ ಎಲ್ಲೂ ಬೇಡ. ಶುರು ಮಾಡುವ ಮೊದಲು ಅವನ ಅಪ್ಪ ಅಮ್ಮನ ಒಪ್ಪಿಗೆ ಪಡೆಯಿರಿ, ಅವನದ್ದೂ ಬೇಕು. ನನ್ನ ಅಕ್ಕನ ಮಗಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಪ್ರತಿ ಲೆಕ್ಕಕ್ಕೂ ಪ್ರೋಗ್ರಾಂ 'ಶಭಾಷ್ ಪುಟ್ಟಾ' ಅನ್ನುತ್ತಿತ್ತಲ್ಲ, ಅದನ್ನು ತೆಗೆಯಬೇಕಂತೆ. ತೆಗೆದೆ.