‘ಹ್ಯಾಂಡ್’ ಪದದ ಅರ್ಥಗಳನ್ನೆಲ್ಲಾ ಬಾಯಿಪಾಠ ಮಾಡಬೇಕಾ?

ಅನುವಾದ ಕಲಿಯುತ್ತಿದ್ದೀರಿ, ‘ಹ್ಯಾಂಡ್’ ಪದಕ್ಕೆ ನಿಘಂಟಿನಲ್ಲಿ ಪುಟದ ತುಂಬಾ ಅರ್ಥ ಇದೆ, ಅಷ್ಟನ್ನೂ ಬಾಯಿಪಾಠ ಮಾಡುವುದು ಹೇಗೆ ಅಂತ ಕೇಳಿದ್ದೀರಿ. ಮಾಡಬೇಡಿ. ನಾನು ಮಾಡಿದ್ದೆ. ಗಡಿಯಾರದ ಮುಳ್ಳು, ಇಸ್ಪೀಟಿನಲ್ಲಿ ಕೈಗೆ ಬಂದ ಎಲೆ, ಕೂಲಿಯಾಳು, ಕೈಬರಹ, ಚಪ್ಪಾಳೆ. ಎಲ್ಲಾ ನಾಲಿಗೆ ತುದಿಯಲ್ಲೇ ಇತ್ತು. ಆದರೂ ಅದೇ ಪದದಲ್ಲಿ ಎಡವಿದೆ.

ಆಗಿನ್ನೂ ಕೆಲಸ ಹೊಸತು. ಬಾಳೆ ಬೇಸಾಯದ ಒಂದು ಕೈಪಿಡಿ ಬಂತು. ಒಂದು ಸಾಲಿನಲ್ಲಿ, ಕಾಯಿ ಕಟ್ಟಿದ ಮೇಲೆ ಗೊನೆಯ ತುದಿಯ ಹೂವನ್ನು ಮುರಿಯಿರಿ ಎಂದಿತ್ತು. ಅದರ ಮುಂದಿನ ಸಾಲು, ‘ರಿಮೂವ್ ದ ಬಾಟಮ್ ಟೂ ಹ್ಯಾಂಡ್ಸ್.’ ಹಿಂದಿನ ಸಾಲು ಹೂವಿನದು, ಹೂವು ಇರುವುದು ಗೊನೆಯ ಕೆಳಗೆ, ‘ಬಾಟಮ್’ ಅಂದರೂ ಕೆಳಗೆ. ಹಾಗಾದರೆ ಇದೂ ಹೂವಿನ ಮಾತೇ, ನಡುವೆ ‘ವಿತ್’ ಅನ್ನುವುದು ಅಚ್ಚಿನಲ್ಲಿ ಬಿಟ್ಟುಹೋಗಿದೆ ಅಂದುಕೊಂಡೆ. ‘ಕೆಳಗಿನ ಹೂವನ್ನು ಎರಡೂ ಕೈಯಿಂದ ತೆಗೆಯಿರಿ’ ಎಂದು ಬರೆದೆ. ಕನ್ನಡ ಚೆನ್ನಾಗಿ ಓದಿಸಿಕೊಂಡು ಹೋಗುತ್ತಿತ್ತು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಮೂಲದಲ್ಲಿ ಇಲ್ಲದ ಪದವನ್ನು ನಾನೇ ಸೇರಿಸಿಕೊಂಡೆನಲ್ಲ, ತಪ್ಪು ಅಲ್ಲಿದೆ. ಅರ್ಥ ಗೊತ್ತಿರಲಿಲ್ಲ ಅನ್ನುವುದು ಆಮೇಲಿನ ಮಾತು. ಸಾಲು ಕೂಡುತ್ತಿಲ್ಲ ಅನಿಸಿದ ತಕ್ಷಣ ಪೆನ್ನು ಕೆಳಗಿಟ್ಟು ಯಾರನ್ನಾದರೂ ಕೇಳಬೇಕಿತ್ತು. ಕೇಳಲಿಲ್ಲ.

ಸಾವಿರ ಪ್ರತಿ ಅಚ್ಚಾಯಿತು. ನಂಜನಗೂಡು ಕಡೆಯ ರೈತರೊಬ್ಬರು ಕೇಳಿದರು: “ಅಲ್ಲಾ ಸಾರ್, ಹೂ ಮುರಿಯೋಕೆ ಎರಡು ಕೈ ಯಾಕೆ? ಕೆಳಗಿನ ಚಿಪ್ಪು ತೆಗೆಯೋ ವಿಷ್ಯಾನೇ ಬರ್ದಿಲ್ವಲ್ಲ?” ತೋಟಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಗೊನೆಯ ಕೆಳಗಿನ ಎರಡು ಚಿಪ್ಪುಗಳಲ್ಲಿ ಕಾಯಿ ಕಿರುಬೆರಳಿನಷ್ಟೇ ಇತ್ತು. ಅವು ಬಲಿಯುವುದಿಲ್ಲ, ತೆಗೆದರೆ ಮೇಲಿನವು ಚೆನ್ನಾಗಿ ತುಂಬಿಕೊಳ್ಳುತ್ತವೆ. ಒಂದು ಚಿಪ್ಪು ಕುಯ್ದು ನನ್ನ ಅಂಗೈ ಮೇಲಿಟ್ಟರು. ಕಾಯಿಗಳು ಬೆರಳು ಮಡಚಿದ ಹಾಗೆ ಸಾಲಾಗಿ ಕೂತಿದ್ದವು. ಇಂಗ್ಲಿಷಿನಲ್ಲಿ ಚಿಪ್ಪಿಗೆ ‘ಹ್ಯಾಂಡ್’, ಒಂದೊಂದು ಕಾಯಿಗೆ ‘ಫಿಂಗರ್’ ಅನ್ನುವುದನ್ನು ನಾನು ಆಮೇಲೆ ಎಂದೂ ಮರೆಯಲಿಲ್ಲ. ಮತ್ತೆ ಅಚ್ಚು ಹಾಕಿಸಿದ ಖರ್ಚು ನನ್ನ ತಲೆ ಮೇಲೆ ಬಂತು. ಕೈಪಿಡಿ ಮಾಡಿಸಿದವರು ಇನ್ನೊಂದು ಕೆಲಸ ಕೊಡಲಿಲ್ಲ.

ಆದ್ದರಿಂದ ಪಟ್ಟಿ ಬಿಡಿ. ಪದದ ಅಕ್ಕಪಕ್ಕ ಏನಿದೆ ನೋಡಿ. ಗೊನೆ ಇದ್ದರೆ ಚಿಪ್ಪು. ಕುದುರೆ ಇದ್ದರೆ ಅದು ಎತ್ತರದ ಅಳತೆ, ಒಂದು ಹ್ಯಾಂಡ್ ಅಂದರೆ 4 ಇಂಚು. ಅಲ್ಲೂ ಹುಷಾರು. 15.2 ಹ್ಯಾಂಡ್ಸ್ ಅಂದರೆ 15 ಹ್ಯಾಂಡ್, ಮೇಲೆ 2 ಇಂಚು, ಒಟ್ಟು 62 ಇಂಚು. ಆ ಚುಕ್ಕಿ ದಶಮಾಂಶದ್ದಲ್ಲ. ಇನ್ನು, ನಮ್ಮ ‘ಕೈ’ಯನ್ನೂ ಅಷ್ಟೇ ಗಮನವಿಟ್ಟು ನೋಡಿ. ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸಹಾಯ ಮಾಡು. ‘ಕೈ ಕೊಟ್ಟ’ ಅಂತ ಬರೆದರೆ ನಂಬಿಸಿ ಮೋಸ ಮಾಡಿದ ಅಂತಾಗುತ್ತೆ, ಅಲ್ವಾ? ಅಲ್ಲಿ ‘ಕೈ ಜೋಡಿಸು’ ಬೇಕು. ‘ಓಲ್ಡ್ ಹ್ಯಾಂಡ್’ಗೆ ನಮ್ಮಲ್ಲಿ ‘ಪಳಗಿದ ಕೈ’ ಇದ್ದೇ ಇದೆ.

ಈಗ ಯಾವ ವಿಷಯದ ಅನುವಾದ ಮಾಡುತ್ತಿದ್ದೀರಿ? ಆ ಕೆಲಸದಲ್ಲೇ ಇರುವ ಒಬ್ಬರ ಫೋನ್ ನಂಬರ್ ಮೊದಲು ಬರೆದಿಟ್ಟುಕೊಳ್ಳಿ. ಆ ರೈತರ ನಂಬರ್ ನನ್ನ ಹತ್ತಿರ ಇವತ್ತಿಗೂ ಇದೆ. ತೋಟದ ಪದ ಬಂದರೆ, ಸಂಜೆ ಅವರು ಡೇರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಫೋನ್ ಮಾಡುತ್ತೇನೆ.