ಮೀಟರ್‌ನಲ್ಲಿ 88%, ಬ್ಯಾಟರಿಯಲ್ಲಿ ಶೂನ್ಯ: ದೋಣಿಯ ಕರೆಂಟಿನ ಲೆಕ್ಕ

ಪ್ರಶ್ನೆ: ವಲಿಯಪರಂಬ ಹಿನ್ನೀರಿನಲ್ಲಿ ಓಡಾಡುವ ಸಣ್ಣ ವಿಹಾರ ದೋಣಿ ನಮ್ಮದು. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ ಎರಡು ಪ್ಯಾರಲಲ್ ಆಗಿವೆ, ಮಾಡಿನ ಮೇಲೆ 200 ವಾಟ್ ಸೋಲಾರ್ ಪ್ಯಾನಲ್. ಹೋದ ಬೇಸಗೆಯಲ್ಲಿ 500 ಆಂಪಿಯರ್ ಶಂಟ್ (ಕರೆಂಟ್ ಅಳೆಯಲು ನೆಗೆಟಿವ್ ದಾರಿಯಲ್ಲಿ ಕೂರಿಸುವ ಲೋಹದ ತುಂಡು) ಇರುವ ಬ್ಯಾಟರಿ ಮಾನಿಟರ್ ಹಾಕಿಸಿದೆವು. ಸಂಜೆ 100% ತೋರಿಸುತ್ತದೆ. ರಾತ್ರಿ ಹತ್ತಕ್ಕೆ ಇನ್ನೂ 88% ಇರುವಾಗಲೇ ಇನ್ವರ್ಟರ್ ಕೂಗಿ ಆಫ್ ಆಗುತ್ತದೆ. ಕೆಟ್ಟದ್ದು ಬ್ಯಾಟರಿಯೋ ಮೀಟರೋ?
— ಓದುಗರು, ನೀಲೇಶ್ವರ

ಉತ್ತರ: ಎರಡೂ ಸರಿಯಿದ್ದೇ ಹೀಗಾಗಬಹುದು. ಮಾನಿಟರ್ ಬ್ಯಾಟರಿಯ ಒಳಗೆ ಇಣುಕಿ ನೋಡುವುದಿಲ್ಲ. ಶಂಟ್ ಮೂಲಕ ಹೋದದ್ದು, ಬಂದದ್ದು ಇಷ್ಟನ್ನೇ ಕೂಡಿಸಿ ಕಳೆಯುತ್ತದೆ. ಹಿತ್ತಿಲ ಬಾಗಿಲಿನಿಂದ ಹೊರಟವರ ಲೆಕ್ಕ ಹೆಬ್ಬಾಗಿಲಲ್ಲಿ ಕೂತವನಿಗೆ ಹೇಗೆ ಸಿಕ್ಕೀತು?

ಮೊದಲು ಆ ಹಿತ್ತಿಲ ಬಾಗಿಲನ್ನು ಹುಡುಕಿ. ಸಂಜೆ ಹೊತ್ತಾದ ಮೇಲೆ ಎಲ್ಲ ಸ್ವಿಚ್ ಆಫ್ ಮಾಡಿ, ಇನ್ವರ್ಟರ್‌ಗೆ 100 ವಾಟಿನ ಹಳೆಯ ಬಲ್ಬ್ ಒಂದನ್ನೇ ಹಾಕಿ. ಮಾನಿಟರ್ ಮೈನಸ್ 9ರಿಂದ 10 ಆಂಪಿಯರ್ ತೋರಿಸಬೇಕು. ಸೊನ್ನೆಯ ಹತ್ತಿರವೇ ನಿಂತರೆ ಇನ್ವರ್ಟರಿನ ಕಪ್ಪು ಕೇಬಲ್ಲನ್ನು ನೇರ ಬ್ಯಾಟರಿ ಟರ್ಮಿನಲ್‌ಗೇ ಬಿಗಿದಿದ್ದಾರೆ ಎಂದರ್ಥ. ಇನ್ವರ್ಟರ್ ಕೂರಿಸುವವರು ಮನೆಯಲ್ಲಿ ಮಾಡಿದ ಅಭ್ಯಾಸದಲ್ಲಿ ದೋಣಿಯಲ್ಲೂ ಹಾಗೇ ಮಾಡಿಬಿಡುತ್ತಾರೆ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ನಿಂದ ಹೊರಡುವ ಕೇಬಲ್ ಒಂದೇ ಇರಬೇಕು, ಅದು ಶಂಟಿನ ಬ್ಯಾಟರಿ ಬದಿಗೆ ಹೋಗಬೇಕು. ಇನ್ವರ್ಟರ್, ಸೋಲಾರ್ ಚಾರ್ಜರ್, ಎಂಜಿನ್, ದೀಪ, ಪಂಪ್ ಎಲ್ಲದರ ನೆಗೆಟಿವ್ ಶಂಟಿನ ಆಚೆ ಬದಿಗೆ. ದೋಣಿಯ ತಳದ ನೀರು ಹೊರಹಾಕುವ ಬಿಲ್ಜ್ ಪಂಪಿನ ವಿಷಯದಲ್ಲಿ ಮಾತ್ರ ಗೊಂದಲ ಬರುತ್ತದೆ: ಮೈನ್ ಸ್ವಿಚ್ ಆಫ್ ಇದ್ದರೂ ಅದು ಓಡಬೇಕಾದ್ದರಿಂದ ಅದರ ಪಾಸಿಟಿವ್ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಹೋಗುವುದು ಸರಿ. ನೆಗೆಟಿವ್ ಮಾತ್ರ ಶಂಟ್ ದಾಟಿಯೇ ಬರಲಿ.

ಬಲ್ಬಿನ ಪರೀಕ್ಷೆಯಲ್ಲಿ ಲೆಕ್ಕ ಸರಿ ಬಂದರೆ ತಪ್ಪು ಸೆಟ್ಟಿಂಗಿನಲ್ಲಿದೆ. ನಿಮ್ಮ ವಿವರ ನೋಡಿದರೆ ನನ್ನ ಅನುಮಾನ ಇದರ ಮೇಲೆಯೇ ಹೆಚ್ಚು. ‘ಬ್ಯಾಟರಿ ತುಂಬಿತು’ ಎಂದು ಮಾನಿಟರ್ ತೀರ್ಮಾನಿಸುವುದು ಮೂರು ಗುರುತು ಒಟ್ಟಿಗೆ ಸಿಕ್ಕಾಗ: ವೋಲ್ಟೇಜ್ ಒಂದು ಮಟ್ಟ ದಾಟಿರಬೇಕು, ಚಾರ್ಜಿಂಗ್ ಕರೆಂಟ್ ಒಂದು ಮಟ್ಟಕ್ಕಿಂತ ಇಳಿದಿರಬೇಕು, ಇವೆರಡೂ ಕೆಲವು ನಿಮಿಷ ನಿಲ್ಲಬೇಕು. ಹೆಸರಾಂತ ಮಾನಿಟರ್‌ಗಳಲ್ಲಿ ಇವು ಮೊದಲೇ 13.2 ವೋಲ್ಟ್, 4%, 3 ನಿಮಿಷ ಎಂದು ಇರುವುದುಂಟು. ನಿಮ್ಮ 300 ಎಎಚ್‌ಗೆ 4% ಎಂದರೆ 12 ಆಂಪಿಯರ್. 200 ವಾಟಿನ ಪ್ಯಾನಲ್ ಉರಿಬಿಸಿಲಲ್ಲೂ ಕೊಡುವುದು ಹೆಚ್ಚೆಂದರೆ 14. ಅಂದರೆ ಕರೆಂಟಿನ ಗುರುತು ಹೆಚ್ಚುಕಡಿಮೆ ದಿನವಿಡೀ ಸಿಕ್ಕಿಯೇ ಇರುತ್ತದೆ. ಬೆಳಿಗ್ಗೆ ವೋಲ್ಟೇಜ್ 13.2 ದಾಟಿದ ಮೂರೇ ನಿಮಿಷಕ್ಕೆ, ಅರ್ಧ ಖಾಲಿ ಬ್ಯಾಟರಿಯನ್ನೂ ಅದು 100% ಎಂದು ಬರೆದುಕೊಳ್ಳುತ್ತದೆ.

ಬದಲಿಸುವುದು ಹೀಗೆ. ಸೋಲಾರ್ ಚಾರ್ಜರ್‌ನ ಅಬ್ಸಾರ್ಪ್ಶನ್ ವೋಲ್ಟೇಜ್ (ಬ್ಯಾಟರಿ ತುಂಬುತ್ತ ಬಂದಾಗ ಚಾರ್ಜರ್ ಹಿಡಿದಿಡುವ ಮಟ್ಟ) 14.4 ಆಗಿದ್ದರೆ ಮಾನಿಟರಿನ ‘ಚಾರ್ಜ್ಡ್ ವೋಲ್ಟೇಜ್’ 14.1 ಇಡಿ. ಟೇಲ್ ಕರೆಂಟ್ (ಮೇಲೆ ಹೇಳಿದ ಕರೆಂಟಿನ ಮಟ್ಟ) 2%, ಸಮಯ 10 ನಿಮಿಷ. ಮೋಡ ಬಂದು ಕರೆಂಟ್ ಕುಸಿದರೆ ವೋಲ್ಟೇಜ್ ಸಹ 14.1ರಿಂದ ಕೆಳಗಿಳಿಯುವುದರಿಂದ ಮಾನಿಟರ್ ಮೋಸ ಹೋಗುವುದು ಕಡಿಮೆ. ನೀರು ಹಾಕುವ ಬ್ಯಾಟರಿಗೆ ಚಾರ್ಜ್ ಎಫಿಶಿಯನ್ಸಿ (ತುಂಬಿಸಿದ್ದರಲ್ಲಿ ವಾಪಸ್ ಸಿಗುವ ಪಾಲು) 95% ಬೇಡ, 85ರಿಂದ 90 ಸಾಕು. ಮೂರು ವರ್ಷ ದುಡಿದ ಬ್ಯಾಟರಿಯಾದರೆ ಸಾಮರ್ಥ್ಯ 300 ಎಂದು ಬರೆಯುವುದೂ ದುರಾಸೆಯೇ.

ನಿಜಕ್ಕೂ ತುಂಬಿದೆಯೇ ಎಂದು ಹೇಳುವುದು ಆ್ಯಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಅದನ್ನು ಬಿಡಬೇಡಿ. ನಮ್ಮಲ್ಲಿ ಸಿಗುವ ಟ್ಯೂಬುಲರ್‌ಗಳಲ್ಲಿ ತುಂಬಿದ ಸೆಲ್ ಸಾಮಾನ್ಯವಾಗಿ 1.240 ತೋರಿಸುತ್ತದೆ (ಲೇಬಲ್ ನೋಡಿಕೊಳ್ಳಿ). ಅದರಿಂದಲೇ, ಕೆಲವು ಗಂಟೆ ಸುಮ್ಮನಿಟ್ಟ ಮೇಲೆ ಇವುಗಳ ಪೂರ್ಣ ವೋಲ್ಟೇಜ್ ಸುಮಾರು 12.5 ಮಾತ್ರ. ಮೊಬೈಲ್‌ನಲ್ಲಿ ಹರಿದಾಡುವ 12.7ರ ಪಟ್ಟಿ ಬೇರೆ ಜಾತಿಯ ಬ್ಯಾಟರಿಯದ್ದು. ಒಂದು ಸೆಲ್ ಉಳಿದವುಗಳಿಗಿಂತ 0.030ಕ್ಕೂ ಹೆಚ್ಚು ಕೆಳಗಿದ್ದರೆ ಆಗ ಬ್ಯಾಟರಿಯನ್ನು ದೂರಿ.

ಇನ್ನೊಂದು ಕಹಿ ಮಾತು: 200 ವಾಟ್ ಪ್ಯಾನಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 60 ಎಎಚ್ ತುಂಬಿಸೀತು. ಆಟಿಯ ಮಳೆಯಲ್ಲಿ ಅದೂ ಇಲ್ಲ. ದಿನಕ್ಕೆ 100 ಎಎಚ್ ಖರ್ಚು ಮಾಡುವ ದೋಣಿಗೆ ಎಂಥ ಮಾನಿಟರ್ ಹಾಕಿದರೂ ಬ್ಯಾಟರಿ ತುಂಬುವುದಿಲ್ಲ. ವಾರಕ್ಕೊಮ್ಮೆ ದಡದಲ್ಲಿ ಚಾರ್ಜರ್‌ಗೆ ಹಾಕಿ ಪೂರ್ತಿ ತುಂಬಿಸಿ, ಮಾನಿಟರನ್ನು ಆಗಲೇ 100%ಗೆ ಕೂರಿಸಿ.

ಪ್ರಶ್ನೆ: ಅಗ್ಗದ ವಾಟ್ ಮೀಟರ್ ಜೊತೆ 100 ಆಂಪಿಯರ್ ಶಂಟ್ ಬಂದಿತ್ತು. ಅದು ಸಪೂರ ಅನ್ನಿಸಿ 500 ಆಂಪಿಯರ್‌ದು ಹಾಕಿದೆ. ಈಗ 15 ಆಂಪಿಯರ್ ಲೋಡಿಗೆ 2 ಎಂದು ತೋರಿಸುತ್ತಿದೆ.
— ಓದುಗರು, ಕುಂಬಳೆ

ಉತ್ತರ: ತೋರಿಸಲೇಬೇಕು. ಮೀಟರ್ ಅಳೆಯುವುದು ಶಂಟಿನ ಎರಡು ತುದಿಯ ನಡುವಿನ ಮಿಲಿವೋಲ್ಟನ್ನು. ಹಳೆಯದು 100 ಆಂಪಿಯರ್‌ಗೆ 75 ಮಿಲಿವೋಲ್ಟ್, ಹೊಸದು 500ಕ್ಕೆ 50. ರೆಸಿಸ್ಟೆನ್ಸ್ ಏಳೂವರೆ ಪಟ್ಟು ಕಡಿಮೆಯಾಯಿತು, ಅಂಕಿಯೂ ಅಷ್ಟೇ ಇಳಿಯಿತು. ಮೆನುವಿನಲ್ಲಿ ಶಂಟ್ ಬದಲಿಸುವ ಅವಕಾಶ ಇಲ್ಲದಿದ್ದರೆ ಹಳೆಯದನ್ನೇ ಹಾಕಿ. ಲೋಡ್ 100 ದಾಟುವುದಾದರೆ ಆ ಮೀಟರ್ ಬಿಡಿ. ಇಂಥ ಹಲವು ಮೀಟರ್‌ಗಳಿಗೆ ಕರೆಂಟ್ ಹೋಗುತ್ತಿದೆಯೋ ಬರುತ್ತಿದೆಯೋ ಗೊತ್ತಾಗುವುದಿಲ್ಲ. ಪ್ಯಾನಲ್ ಎಷ್ಟು ಕೊಟ್ಟಿತು ಎಂದು ನೋಡಲು ಸಾಕು, ಬ್ಯಾಟರಿಯ ಉಳಿಕೆಗೆ ನಂಬಬೇಡಿ.

ಪ್ರಶ್ನೆ: ಎಂಜಿನ್ ಸ್ಟಾರ್ಟ್ ಮಾಡಿದಾಗಲೆಲ್ಲ ಫಿಶ್ ಫೈಂಡರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ದಪ್ಪ ವಯರ್ ಎಳೆಯಬೇಕೇ?
— ಓದುಗರು, ಮಂಜೇಶ್ವರ

ಉತ್ತರ: ವಯರ್ ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಒಬ್ಬರು ಸ್ಟಾರ್ಟ್ ಮಾಡುವಾಗ ಬ್ಯಾಟರಿ ಟರ್ಮಿನಲ್‌ನಲ್ಲಿ ಒಮ್ಮೆ, ಫಿಶ್ ಫೈಂಡರಿನ ಪ್ಲಗ್‌ನಲ್ಲಿ ಒಮ್ಮೆ ನೋಡಿ. ಎರಡೂ ಕಡೆ 9.3ಕ್ಕೆ ಕುಸಿದರೆ ತಪ್ಪು ಬ್ಯಾಟರಿಯದ್ದು ಅಥವಾ ಅದರ ಟರ್ಮಿನಲ್‌ನದ್ದು. ಬ್ಯಾಟರಿಯಲ್ಲಿ 10.6 ಇದ್ದು ಪ್ಲಗ್‌ನಲ್ಲಿ 9.2 ಇದ್ದರೆ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ನಷ್ಟವಾಗುತ್ತಿದೆ.

ಆದರೆ ವಯರ್ ಸಪೂರವಾದ್ದರಿಂದ ಇಷ್ಟು ಕುಸಿಯುವುದು ಅಪರೂಪ. 1 ಚದರ ಮಿಮೀ ತಾಮ್ರದಲ್ಲಿ ಹೋಗಿ ಬರುವ ದಾರಿ 10 ಮೀಟರ್, ಕರೆಂಟ್ ಒಂದೂವರೆ ಆಂಪಿಯರ್ ಆದರೆ ನಷ್ಟ ಕಾಲು ವೋಲ್ಟ್ ಮಾತ್ರ. ಉಳಿದದ್ದು ತಿರುಚಿ ಟೇಪ್ ಸುತ್ತಿದ ಜೋಡಣೆಯಲ್ಲಿ, ಫ್ಯೂಸ್ ಹೋಲ್ಡರಿನ ಹಸಿರು ಕಿಲುಬಿನಲ್ಲಿ ಹೋಗುತ್ತದೆ. ಅಳಿವೆಯ ಉಪ್ಪುಗಾಳಿ ಇನ್ಸುಲೇಶನ್ ಒಳಗೂ ಏರಿ ತಾಮ್ರವನ್ನು ಕಪ್ಪಾಗಿಸುತ್ತದೆ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಲಗ್ (ವಯರ್ ತುದಿಯ ಲೋಹದ ಕೊಂಡಿ) ಹಾಕಿ ಒತ್ತಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಏರಿಸಿ. ಪೆಟ್ರೋಲಿಯಂ ಜೆಲ್ಲಿಯನ್ನು ಬೋಲ್ಟ್ ಬಿಗಿದ ಮೇಲೆ ಹಚ್ಚಿ, ಮೊದಲಲ್ಲ. ಹೊಸ ವಯರ್ ಬೇಕೇ ಆದರೆ ತವರ ಲೇಪಿಸಿದ ತಾಮ್ರದ್ದೇ ಇರಲಿ.

ಬ್ಯಾಟರಿಯೇ ಕುಸಿಯುತ್ತಿದ್ದು ಟರ್ಮಿನಲ್, ಕೇಬಲ್ ಎಲ್ಲ ಚೊಕ್ಕಟವಿದ್ದರೆ ಸ್ಟಾರ್ಟಿಂಗ್‌ಗೆ ಒಂದು, ಉಪಕರಣಕ್ಕೆ ಒಂದು ಬ್ಯಾಟರಿ ಬೇರೆ ಮಾಡಿ, ನಡುವೆ ವೋಲ್ಟೇಜ್ ನೋಡಿ ಕೂಡಿಸುವ ರಿಲೇ ಹಾಕಿ. ಸುಮಾರು 13.3 ವೋಲ್ಟಿಗೆ ಕೂಡಿಸಿ 12.8ಕ್ಕೆ ಬಿಡಿಸುವಂಥದ್ದು ಸರಿ. ಎರಡು ಬ್ಯಾಟರಿಯ ಪಾಸಿಟಿವ್ ಕೇಬಲ್‌ಗಳಿಗೂ ಪ್ರತ್ಯೇಕ ಫ್ಯೂಸ್ ಇರಲಿ, ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ.