ಸ್ವರ ಸಂಶಯ: ಬುಕ್ಕಲ್ಲಿ ಒಂದು ಹಾಡು, ಕಿವಿಗೆ ಇನ್ನೊಂದು

ಕಳೆದ ಸಲ ಹೊಸದಾಗಿ ಕೀಬೋರ್ಡ್ ತಗೊಳ್ಳೋರಿಗೆ ನಾಲ್ಕು ಮಾತು ಬರೆದಿದ್ದೆ. ಅದಾದ್ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು. ಇಷ್ಟದ ಹಾಡಿನ ಪುಸ್ತಕ ತಂದಾಯ್ತು, ನುಡಿಸಿದ್ದೂ ಆಯ್ತು, ಹಾಡು ಮಾತ್ರ ಬರ್ತಿಲ್ಲ. ಹಾಗಾಗಿ ಈ ಸಲ ಪೂರ್ತಿ ಸಾಂಗ್‌ಬುಕ್ ವಿಚಾರಾನೇ ಇಟ್ಕೊಂಡಿದೀನಿ, ಬೇರೆ ಪ್ರಶ್ನೆ ಕೇಳಿದೋರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಮಗಳಿಗೆ ಅಂತ ತಂದಿದ್ದ ಕೀಬೋರ್ಡು ಅವಳು ಪಿಯುಸಿ ಸೇರಿದ್ಮೇಲೆ ಮಂಚದ ಕೆಳಗೆ ಧೂಳು ತಿಂತಿತ್ತು, ನಾನೇ ಎತ್ಕೊಂಡು ಎರಡೂವರೆ ವರ್ಷದಿಂದ ಕಲೀತಿದೀನಿ, ಐದು ಗೆರೆ ಮೇಲೆ ಬರೆಯೋ ಸ್ಟಾಫ್ ನೋಟೇಶನ್ ಓದಕ್ಕೆ ಬರುತ್ತೆ. ನಮ್ಮ ಭಾವ ಲಂಡನ್‌ನಿಂದ ಬರೋವಾಗ ಬೀಟಲ್ಸ್ ಹಾಡುಗಳ ಪಿಯಾನೋ ಪುಸ್ತಕ ತಂದುಕೊಟ್ರು. ಒಂದೊಂದು ನೋಟೂ ಬರೆದಂಗೇ ನುಡಿಸ್ತೀನಿ, ಆದ್ರೂ ಸ್ಕೂಲ್ ಪ್ರೇಯರ್ ಥರ ಕೇಳ್ಸುತ್ತೆ. ರೆಕಾರ್ಡ್ ಹಾಕ್ಕೊಂಡು ಜೊತೆಗೆ ನುಡಿಸಿದ್ರೆ ಕೆಲವು ಹಾಡಿಗೆ ಶ್ರುತೀನೇ ಕೂಡಲ್ಲ. ತಪ್ಪು ನಂದಾ, ಪುಸ್ತಕದ್ದಾ?
(ಗೃಹಿಣಿ, ಶಿವಮೊಗ್ಗ)

ಉತ್ತರ: ಇಬ್ಬರದ್ದೂ ಅಲ್ಲ. ಪುಸ್ತಕದ ಮುಖಪುಟದ ಮೇಲೆ ಎಲ್ಲೋ ಒಂದು ಕಡೆ ಸಣ್ಣಕ್ಷರದಲ್ಲಿ 'ಪಿಯಾನೋ, ವೋಕಲ್, ಗಿಟಾರ್' ಅಂತ ಇರಬೇಕು ನೋಡಿ. ಅಂಗಡಿಯೋರು ಪಿವಿಜಿ ಅಂತಾರೆ. ಒಳಗಡೆ ಮೂರು ಸ್ಟಾಫ್ ಇರುತ್ತೆ, ಮೇಲಿಂದು ಹಾಡೋರಿಗೆ, ಕೆಳಗಿನ ಎರಡು ಪಿಯಾನೋಗೆ, ಎಲ್ಲದರ ನೆತ್ತಿ ಮೇಲೆ ಗಿಟಾರ್‌ನೋರು ಬೆರಳು ಎಲ್ಲಿಡಬೇಕು ಅಂತ ತೋರ್ಸೋ ಪುಟ್ಟ ಪುಟ್ಟ ಚೌಕ. ಒಂದೇ ಪುಸ್ತಕ ಮೂರು ಜನಕ್ಕೂ ಮಾರಬೇಕಲ್ಲ! ಹಾಡೋರು ಯಾರೂ ಇಲ್ದಿದ್ರೂ ಹಾಡು ಗುರುತು ಸಿಗಲಿ ಅಂತ ಪಿಯಾನೋ ಬಲಗೈಗೂ ಅದೇ ಹಾಡಿನ ಧಾಟಿ ಕೊಟ್ಟಿರ್ತಾರೆ. ರೆಕಾರ್ಡಿನಲ್ಲಿ ಪಿಯಾನೋ ನುಡಿಸಿದೋನು ಹಾಗೆ ನುಡಿಸಿರೋದೇ ಇಲ್ಲ, ಹಾಡೋನು ಹಾಡ್ತಾ ಇರ್ತಾನೆ, ಇವನು ಕೆಳಗೆ ಹಾಸಿಗೆ ಹಾಸ್ಕೊಂಡು ಹೋಗ್ತಿರ್ತಾನೆ. ನಿಮಗೆ ಪ್ರೇಯರ್ ಥರ ಕೇಳ್ಸೋದು ಇದರಿಂದಾನೇ.

'ಲೆಟ್ ಇಟ್ ಬಿ' ಆ ಪುಸ್ತಕದಲ್ಲಿ ಇದ್ದೇ ಇರುತ್ತೆ ಅಂದ್ಕೋತೀನಿ, ಅದನ್ನೇ ತೆಗೀರಿ. ಮೇಲೆ ಬರೆದಿರೋ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹೆಸರು ಮಾತ್ರ ನೋಡಿ: ಸಿ, ಜಿ, ಎ ಮೈನರ್, ಎಫ್. ಬಲಗೈಯಿಂದ ಧಾಟಿ ಬಿಟ್ಬಿಡಿ, ಬರೀ ಮೂರು ಬೆರಳಿನ ಕಾರ್ಡು, ಒಂದೊಂದು ಏಟಿಗೆ ಒಂದೊಂದ್ಸಲ, ಮೆತ್ತಗೆ. ಎಡಗೈಲಿ ಆ ಕಾರ್ಡಿನ ಹೆಸರಿನ ಸ್ವರ ಎರಡು ಸ್ಥಾಯೀಲಿ ಒಟ್ಟಿಗೆ, ಕಿರುಬೆರಳು ಹೆಬ್ಬೆರಳು ಅಗಲಿಸ್ಕೊಂಡು. ಸಾಲು ಮುಗಿಯೋ ಕಡೆ ಎಡಗೈ ಎಫ್‌ನಿಂದ ಇ, ಡಿ, ಸಿ ಅಂತ ಮೆಟ್ಲು ಇಳಿಯುತ್ತಲ್ಲ, ಅದೊಂದನ್ನ ಮಾತ್ರ ಗಮನ ಇಟ್ಟು ನುಡಿಸಿ. ಜೊತೆಗೆ ನೀವೇ ಹಾಡಿ, ನಾಚ್ಕೋಬೇಡಿ, ಬಾಗಿಲು ಹಾಕ್ಕೊಂಡಾದ್ರೂ ಹಾಡಿ. ಒಂದು ವಾರದಲ್ಲಿ ನಿಮ್ಮ ಮಗಳು ರೂಮಿಂದ ಆಚೆ ಬಂದು ಇದ್ಯಾವಾಗ ಕಲ್ತೆ ಅಂತ ಕೇಳದಿದ್ರೆ ನನಗೆ ಬೈದು ಪತ್ರ ಹಾಕಿ.

ಶ್ರುತಿ ಕೂಡಲ್ಲ ಅಂದ್ರಲ್ಲ, ಅದಕ್ಕೆ ಕಾರಣ ಬೇರೆ. ಮನೇಲಿ ಹಾಡೋರ ಕಂಠಕ್ಕೆ ಎಟುಕಲಿ, ಕಪ್ಪು ಮನೆ ಕಮ್ಮಿ ಬರಲಿ ಅಂತ ಎಷ್ಟೋ ಪುಸ್ತಕಗಳಲ್ಲಿ ಹಾಡಿನ ಕೀಯನ್ನೇ, ಅಂದ್ರೆ ಶ್ರುತೀನೇ ಬದಲಾಯಿಸಿರ್ತಾರೆ, 'ಈಸಿ ಪಿಯಾನೋ' ಅಂತ ಬರೋದ್ರಲ್ಲಂತೂ ಇದು ಮಾಮೂಲು. ಇನ್ನೊಂದು ತಮಾಷೆ ಕೇಳಿ. 1965ರಲ್ಲಿ 'ಯೆಸ್ಟರ್‌ಡೇ' ರೆಕಾರ್ಡ್ ಮಾಡಿದಾಗ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಗಿಟಾರಿನ ಆರೂ ತಂತೀನ ಒಂದು ಪೂರ್ತಿ ಸ್ವರ ಇಳಿಸ್ಕೊಂಡಿದ್ರು. ಬೆರಳು ಹಿಡಿದದ್ದು ಜಿ, ಕೇಳ್ಸಿದ್ದು ಎಫ್. ಹಾಗಾಗಿ ಅವರು ನುಡಿಸೋ ವಿಡಿಯೋ ನೋಡ್ಕೊಂಡು ನೀವು ಕೀಬೋರ್ಡಲ್ಲಿ ಜಿ ಹಿಡಿದ್ರೆ ಕೂಡಲ್ಲ, ಯಾವ ಜನ್ಮಕ್ಕೂ ಕೂಡಲ್ಲ. ನಿಮ್ಮ ಕೀಬೋರ್ಡಲ್ಲಿ ಟ್ರಾನ್ಸ್‌ಪೋಸ್ ಬಟನ್ ಇರುತ್ತೆ, ಒಂದೊಂದೇ ಮೆಟ್ಲು ಮೇಲೆ ಕೆಳಗೆ ಮಾಡಿ ರೆಕಾರ್ಡಿಗೆ ಕೂಡಿಸ್ಕೊಳಿ. ಇದನ್ನ ಮೋಸ ಅನ್ನೋ ಮೇಷ್ಟ್ರುಗಳಿದಾರೆ. ನಾನು ಆ ಪಂಗಡ ಅಲ್ಲ.

ಇಲ್ಲಾ ನನಗೆ ರೆಕಾರ್ಡಲ್ಲಿ ಇರೋ ಹಾಗೇ ಬೇಕು ಅಂದ್ರೆ ಕೇಳಿ ಬರೆದ ಟ್ರಾನ್ಸ್‌ಕ್ರಿಪ್ಶನ್ ಪುಸ್ತಕಗಳು ಬೇರೆ ಇವೆ, ಅದರಲ್ಲಿ ಬಾಸ್ ಡ್ರಮ್ಸ್ ಸಮೇತ ಒಂದೊಂದೂ ದಾಖಲಾಗಿರುತ್ತೆ. ಬೀಟಲ್ಸ್‌ದೇ 'ಕಂಪ್ಲೀಟ್ ಸ್ಕೋರ್ಸ್' ಅಂತ ಸಾವಿರ ಪುಟ ದಾಟಿದ ಪುಸ್ತಕ ಇದೆ, ಎತ್ತಿಟ್ರೆ ಸ್ಟ್ಯಾಂಡ್ ಬಗ್ಗುತ್ತೆ. ನಿಮಗೆ ಈಗಲೇ ಅದು ಬೇಡ.

ಪ್ರಶ್ನೆ: ನಮಸ್ಕಾರ ಮೇಡಮ್ರಿ, ಗಿಟಾರ ಬಾರಸಾಕ ಹತ್ತಿ ಎರಡ ವರ್ಷ ಆತು. ಟ್ಯಾಬ್ ಬುಕ್ ನೋಡಿ 'ಹಿಯರ್ ಕಮ್ಸ್ ದ ಸನ್' ಕಲಿಯಾಕತ್ತೀನಿ. ನಂಬರ ಎಲ್ಲಾ ಕರೆಕ್ಟ್ ಹಿಡೀತೀನಿ, ಆದ್ರ ನಮ್ಮ ದೋಸ್ತ ಕೇಳಿ ಇದ್ಯಾವ ಹಾಡಲೇ ಅಂತಾನ. ಏನ್ ಮಾಡ್ಲಿ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ನಿಮ್ಮ ದೋಸ್ತ ಒಳ್ಳೇ ಕಿವಿ ಇರೋನು, ಬಿಡಬೇಡಿ ಅವನನ್ನ. ಟ್ಯಾಬು ಬೆರಳು ಎಲ್ಲಿ ಇಡಬೇಕು ಅಂತ ಹೇಳುತ್ತೆ, ಯಾವಾಗ ಇಡಬೇಕು, ಎಷ್ಟು ಹೊತ್ತು ಇಡಬೇಕು ಅಂತ ಹೇಳಲ್ಲ. ಅಡ್ರೆಸ್ ಇದೆ, ಬಸ್ ಟೈಮಿಲ್ಲ. 16ನೇ ಶತಮಾನದ ಯೂರೋಪಲ್ಲಿ ಲ್ಯೂಟ್ (ಗಿಟಾರಿನಂಥ ತಂತಿವಾದ್ಯ) ನುಡಿಸೋರೂ ಟ್ಯಾಬೇ ಓದ್ತಿದ್ರು, ಆದ್ರೆ ಅವರು ಸಾಲಿನ ಮೇಲೆ ಕಾಲದ ಗುರುತು ಹಾಕ್ಕೋತಿದ್ರು. ಇಂಟರ್‌ನೆಟ್ಟಿನ ಬಿಟ್ಟಿ ಟ್ಯಾಬುಗಳಲ್ಲಿ ಅದನ್ನೇ ನುಂಗಿಬಿಟ್ಟಿರ್ತಾರೆ. ನಿಮ್ಮದು ಅಚ್ಚಾದ ಪುಸ್ತಕ ಆದ್ರೆ ಟ್ಯಾಬಿನ ಮೇಲ್ಗಡೆ ಐದು ಗೆರೆಯ ಮಾಮೂಲಿ ನೋಟೇಶನ್ನೂ ಇರಬೇಕು, ಅದನ್ನ ನೀವು ನೋಡ್ತಾನೇ ಇಲ್ಲ, ಹೌದಲ್ರೀ? ಸ್ವರ ಓದಕ್ಕೆ ಬರದಿದ್ರೂ ಪರವಾಗಿಲ್ಲ, ಸ್ವರ ಎಷ್ಟು ಹೊತ್ತು ಅಂತ ಹೇಳೋ ಗುರುತು, ಬಾಲ ಇರೋದು, ಇಲ್ಲದ್ದು, ಚುಕ್ಕಿ ಇರೋದು ಇಷ್ಟನ್ನ ಕಲೀರಿ, ಒಂದು ಭಾನುವಾರದ ಕೆಲಸ.

ಆಮೇಲೆ ಈ ಹಾಡಿಗೆ ಕ್ಯಾಪೋ (ತಂತಿಗಳನ್ನೆಲ್ಲಾ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್ಪು) ಏಳನೇ ಫ್ರೆಟ್ ಮೇಲೆ ಇರಬೇಕು. ಟ್ಯಾಬಿನ ನಂಬರು ಕ್ಯಾಪೋದಿಂದ ಎಣಿಸೋದು, ಅಂದ್ರೆ ಸೊನ್ನೆ ಅಂದ್ರೆ ಕ್ಯಾಪೋ ಹಾಕಿರೋ ಜಾಗ, 2 ಅಂದ್ರೆ ಅಲ್ಲಿಂದ ಎರಡು ಮನೆ ಆಚೆ. ಬೆರಳಿಗೆ ಡಿ, ಕಿವಿಗೆ ಎ. ಕ್ಯಾಪೋ ಇಲ್ದೆ ಅದೇ ನಂಬರು ಹಿಡಿದ್ರೆ ಗಂಡಸಿನ ಗಂಟಲಲ್ಲಿ ಲತಾ ಮಂಗೇಶ್ಕರ್ ಹಾಡು ಹಾಡಿದಂಗೆ, ಸ್ವರ ಸರಿ, ರುಚಿ ಇಲ್ಲ. ಮಧ್ಯದಲ್ಲಿ 'ಸನ್ ಸನ್ ಸನ್' ಅಂತ ಬರೋ ಕಡೆ ಪುಸ್ತಕದಲ್ಲಿ ಟೈಮ್ ಸಿಗ್ನೇಚರ್ (ತಾಳದ ಲೆಕ್ಕ) ಬಾರ್ ಬಾರ್‌ಗೂ, ಅಂದ್ರೆ ಆವರ್ತ ಆವರ್ತಕ್ಕೂ ಬದಲಾಗೋದು ನೋಡಿ ಗಾಬರಿ ಬೀಳಬೇಡಿ. ಅಲ್ಲಿ ಏಟುಗಳು ಮೂರು ಮೂರಾಗಿ ಗುಂಪು ಕಟ್ಕೊಂಡು ಬರ್ತವೆ, ಕೊನೇಲಿ ಒಂದು ಮೋಟು ಗುಂಪು. ಗಿಟಾರ್ ಕೆಳಗಿಟ್ಟು 'ತಕಿಟ ತಕಿಟ ತಕಿಟ ತಕ' ಅಂತ ಬಾಯಲ್ಲಿ ಹೇಳ್ತಾ ತೊಡೆ ಮೇಲೆ ತಟ್ಟಿ. ಈ ಹಾಡು ಬರೆದ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ರವಿಶಂಕರ್ ಹತ್ರ ಸಿತಾರ್ ಕಲ್ತೋರು, ಈ ಲೆಕ್ಕ ಬೀಟಲ್ಸ್‌ನ ಊರು ಲಿವರ್‌ಪೂಲಿನ ಹುಡುಗರಿಗಿಂತ ನಿಮ್ಮ ಧಾರವಾಡದ ಕಡೆ ತಬಲಾ ಕಲಿಯೋ ಹುಡುಗರಿಗೆ ಬೇಗ ಹತ್ತುತ್ತೆ.

ಕ್ಯಾಪೋ ಅಂದ ತಕ್ಷಣ ನಂದೊಂದು ಮಾನ ಹೋದ ಕಥೆ ನೆನಪಾಯ್ತು. ಕಾಲೇಜ್ ಡೇ, ನಾನು ಕೀಬೋರ್ಡು, ಕ್ಲಾಸ್‌ಮೇಟ್ ಗಿಟಾರು, ರಿಹರ್ಸಲ್ ಅಂತ ಮಾಡಿದ್ದು ಕ್ಯಾಂಟೀನಲ್ಲಿ ಬರೀ ಬಾಯಿಮಾತಲ್ಲಿ. ಜಿ ಇಂದ ಶುರು ಅಂದ, ಸರಿ ಅಂದೆ. ಸ್ಟೇಜ್ ಮೇಲೆ ನೋಡಿದ್ರೆ ಅವನ ಕ್ಯಾಪೋ ಎರಡನೇ ಫ್ರೆಟ್ಟಲ್ಲಿದೆ, ಅವನ ಜಿ ನಿಜವಾಗಿ ಎ, ನಂದು ಬರೀ ಜಿ. ಮೊದಲ ಕಾರ್ಡಿಗೇ ಮುಂದಿನ ಸಾಲಲ್ಲಿ ಕೂತಿದ್ದ ಪ್ರಿನ್ಸಿಪಾಲ್ರು ಕಿವಿ ಮುಟ್ಕೊಂಡ್ರು. ಹಾಡೋ ಹುಡುಗಿ ಪಾಪ, ಇಬ್ಬರ ನಡುವೆ ಎಲ್ಲೋ ಒಂದು ಶ್ರುತೀಲಿ ಹಾಡಿ ಮುಗಿಸಿದ್ಲು. ಅವತ್ತಿಂದ ನಾನು ಗಿಟಾರ್‌ನೋರನ್ನ ಯಾವ ಕಾರ್ಡು ಅಂತ ಕೇಳಲ್ಲ, ಕ್ಯಾಪೋ ಎಲ್ಲಿದೆ ಅಂತ ಮೊದಲು ನೋಡ್ತೀನಿ.

ಪ್ರಶ್ನೆ: ಹನ್ನೆರಡು ವರ್ಷ ಕರ್ನಾಟಕ ಸಂಗೀತ ಹಾಡಿದೀನಿ, ಸೀನಿಯರ್ ಪಾಸಾಗಿದೆ. ಈಗ ಪಿಯಾನೋ ಪುಸ್ತಕ ಹಿಡಿದ್ರೆ ಸ್ವರ ಏರಿಸೋ ಶಾರ್ಪು, ಇಳಿಸೋ ಫ್ಲಾಟುಗಳ ಗುಂಪು ನೋಡೇ ತಲೆ ಕೆಡುತ್ತೆ, ಎಲ್ಲಿ ಸ ಇಟ್ಕೋಬೇಕು ಅಂತ ಗೊತ್ತಾಗಲ್ಲ. ನನ್ನ ಸರಿಗಮ ಎಲ್ಲಾ ವೇಸ್ಟಾ?
(ಮೈಸೂರು)

ಉತ್ತರ: ವೇಸ್ಟಾ? ನಿಮ್ಮ ಹತ್ರ ಇರೋದು ಬೇರೆಯೋರಿಗೆ ಸಿಗದ ಆಸ್ತಿ. ಒಂದೇ ತೊಡಕು, ನಿಮ್ಮ ಸ ನೀವು ಕೂತಲ್ಲಿ ಕೂರುತ್ತೆ, ಐದೂವರೆ ಶ್ರುತಿ ಅಂದ್ರೆ ಐದೂವರೇಲಿ ಸ, ಒಂದಕ್ಕೆ ಇಳಿಸಿದ್ರೆ ಅಲ್ಲಿ ಸ. ಪುಸ್ತಕದ ಸಿ, ಡಿ, ಇ ಹಾಗಲ್ಲ, ಕೀಬೋರ್ಡಿನ ಮನೆಗೆ ಮೊಳೆ ಹೊಡೆದು ಕೂರಿಸಿರೋ ಹೆಸರು. ಎರಡನ್ನೂ ಜೋಡಿಸೋಕೆ ಸಾಲಿನ ಶುರೂಲಿ ಇರೋ ಆ ಶಾರ್ಪ್ ಫ್ಲಾಟ್ ಗುಂಪೇ ಕೀಲಿಕೈ, ನೀವು ಅದನ್ನೇ ನೋಡಿ ಹೆದರ್ತಿದೀರ.

ಶಾರ್ಪ್ ಇದ್ರೆ ಕೊನೇ ಶಾರ್ಪ್ ನಿಮ್ಮ ಕಾಕಲಿ ನಿಷಾದ, ಅದರ ಪಕ್ಕದ ಮೇಲಿನ ಮನೆ ಸ. ಎರಡು ಶಾರ್ಪ್ ಇದೆ ಅನ್ನಿ, ಎಫ್ ಮತ್ತೆ ಸಿ, ಕೊನೇದು ಸಿ ಶಾರ್ಪ್, ಸ ಅನ್ನೋದು ಡಿ. ಫ್ಲಾಟ್ ಇದ್ರೆ ಕೊನೇ ಫ್ಲಾಟ್ ಶುದ್ಧ ಮಧ್ಯಮ, ಅದರ ಹಿಂದಿನ ಫ್ಲಾಟೇ ಸ. ಬಿ, ಇ, ಎ ಮೂರು ಫ್ಲಾಟ್ ಇದ್ರೆ ಎ ಫ್ಲಾಟ್ ಮ, ಇ ಫ್ಲಾಟ್ ಸ. ಒಂದೇ ಫ್ಲಾಟ್ ಇದ್ರೆ ಹಿಂದಿನದು ಇಲ್ವಲ್ಲ, ಎಫ್ ಸ ಅಂತ ಬಾಯಿಪಾಠ ಮಾಡ್ಕೊಳಿ. ಏನೂ ಇಲ್ದಿದ್ರೆ ಸಿ. ಇಷ್ಟಾದ್ಮೇಲೆ ನಿಮ್ಮ ಕೈಗೆ ಬರೋದು ಧೀರಶಂಕರಾಭರಣ, 29ನೇ ಮೇಳ, ಅವರ ಮೇಜರ್ ಸ್ಕೇಲ್ ಅದೇ. ಹಾಡು ಕೊನೆಗೆ ಸ ಬಿಟ್ಟು ಧ ಮೇಲೆ ನಿಲ್ತಿದ್ರೆ ಅದು ಮೈನರ್, ಗ್ರಹಭೇದ ಮಾಡಿ ಧ ನೇ ಸ ಅಂದ್ಕೊಳಿ, ನಟಭೈರವಿ ರಾಗ ಸಿಗುತ್ತೆ. ಮೈನರ್ ಹಾಡಲ್ಲಿ ನಡುನಡುವೆ ನಿಷಾದಕ್ಕೆ ಒಂದು ಶಾರ್ಪ್ ಬಂದು ಹೋದ್ರೆ ಪ್ರಿಂಟಿಂಗ್ ಮಿಸ್ಟೇಕ್ ಅಲ್ಲ, ಕೀರವಾಣಿ ಇಣುಕಿ ಹೋಗ್ತಿದಾಳೆ ಅಷ್ಟೆ. ಮೇಜರ್ ಕಾರ್ಡ್ ಅಂದ್ರೆ ಅಂತರ ಗಾಂಧಾರದ ಸ ಗ ಪ, ಮೈನರ್ ಅಂದ್ರೆ ಸಾಧಾರಣ ಗಾಂಧಾರ. ಗಮಕ ಮಾತ್ರ ಮನೇಲಿ ಬಿಟ್ಟು ಬನ್ನಿ, ಪಿಯಾನೋ ಮೇಲೆ ಅದನ್ನ ಮಾಡೋಕೆ ಹೋಗಿ ಎರಡು ಮನೆ ಒಟ್ಟಿಗೆ ಒತ್ತಿ ನನ್ನ ಕಿವಿ ಕೆಡಿಸಿದ ಶಿಷ್ಯರು ಬೇಕಾದಷ್ಟು ಜನ ಇದಾರೆ.

ಪ್ರಶ್ನೆ: ನಮ್ಮ ಕೀಬೋರ್ಡಲ್ಲಿ 61 ಕೀ. ಪುಸ್ತಕದ ಎಡಗೈ ಸ್ವರಗಳು ಕೆಲವು ಕಡೆ ಕೀಬೋರ್ಡ್ ದಾಟಿ ಟೇಬಲ್ ಮೇಲೆ ಹೋಗ್ತವೆ. 88 ಕೀ ತಗೊಳ್ಳೇಬೇಕಾ?
(ತುಮಕೂರು)

ಉತ್ತರ: ಹಾಡಿಗೋಸ್ಕರ ಆದ್ರೆ ಬೇಕಿಲ್ಲ. ಕೆಳಗೆ ಹೋದದ್ದನ್ನ ಒಂದು ಸ್ಥಾಯಿ ಮೇಲೆ ನುಡಿಸಿ, ಎರಡು ಸ್ವರ ಒಟ್ಟಿಗೆ ಇದ್ರೆ ಕೆಳಗಿಂದನ್ನ ಬಿಡಿ, ಯಾರೂ ಕೇಸ್ ಹಾಕಲ್ಲ. ಆ ದುಡ್ಡಲ್ಲಿ ಮೊದಲು ಸ್ವರ ಎಳೆದು ಹಿಡಿಯೋ ಒಂದು ಸಸ್ಟೇನ್ ಪೆಡಲ್ ತಗೊಳಿ, ಕಾರ್ಡಿಂದ ಕಾರ್ಡಿಗೆ ಹೋಗೋವಾಗ ಮಧ್ಯೆ ಗುಂಡಿ ಬೀಳೋದು ಅದರಿಂದ ನಿಲ್ಲುತ್ತೆ. ಕಾರ್ಡ್ ಬದಲಾದ ಮೇಲೆ ಕಾಲು ಎತ್ತಿ ಒತ್ತಬೇಕು, ಒತ್ತಿಕೊಂಡೇ ಕೂತ್ರೆ ಎಲ್ಲಾ ಕಲಸುಮೇಲೋಗರ.

ಪ್ರಶ್ನೆ: ಕನ್ನಡ ಸಿನಿಮಾ ಹಾಡುಗಳದ್ದು ಹೀಗೇ ಕಾರ್ಡು, ನೋಟೇಶನ್ ಎಲ್ಲಾ ಇರೋ ಪುಸ್ತಕ ಯಾಕೆ ಕಣ್ಣಿಗೆ ಬೀಳಲ್ಲ?
(ಕನ್ನಡದ ಹುಡುಗ, ಡಬ್ಲಿನ್)

ಉತ್ತರ: ನಾನೂ ಇದೇ ಗೊಣಗಾಟ ಗೊಣಗ್ತಾ ವಯಸ್ಸಾಗ್ತಿದೀನಿ ಕಣಪ್ಪ. ನಮ್ಮ ಕಡೆ ಕಲಿಯೋದು ಕಿವಿಯಿಂದ, ಬರೆದ್ರೂ ಸರಿಗಮದಲ್ಲಿ, ಕಾರ್ಡ್ ಬರೆಯೋ ಅಭ್ಯಾಸ ಕಮ್ಮಿ. ಸುಗಮ ಸಂಗೀತದೋರ ಹಾರ್ಮೋನಿಯಂ ಪಕ್ಕದಲ್ಲಿರೋ ನೋಟ್‌ಬುಕ್ ನೋಡಿದ್ರೆ ಸಾಹಿತ್ಯ, ಮೇಲೆ ಶ್ರುತಿ, ಅಲ್ಲಲ್ಲಿ ನಾಲ್ಕು ಸ್ವರ, ಅಷ್ಟೇ ಇರುತ್ತೆ, ಉಳಿದದ್ದು ತಲೇಲಿ. ನಿಮ್ಮ ಪುಸ್ತಕ ನೀವೇ ಬರ್ಕೊಳಿ. ಒಂದು ಹಾಡು ಹಾಕಿ, ಕೊನೇಲಿ ಎಲ್ಲಿ ನೆಮ್ಮದಿಯಾಗಿ ನಿಲ್ಲುತ್ತೋ ಆ ಸ್ವರ ಗುನುಗಿ ಕೀಬೋರ್ಡಲ್ಲಿ ಹುಡುಕಿ, ಅದು ಸ. ಸ, ಮ, ಪ ಮೇಲೆ ಮೇಜರ್ ಕಾರ್ಡ್, ಧ ಮೇಲೆ ಮೈನರ್, ಈ ನಾಲ್ಕನ್ನ ಇಟ್ಕೊಂಡು ಒಂದೊಂದೇ ಸಾಲಿಗೆ ಯಾವುದು ಕೂಡುತ್ತೆ ನೋಡ್ತಾ ಹೋಗಿ. ಸಾಹಿತ್ಯದ ಯಾವ ಅಕ್ಷರಕ್ಕೆ ಕಾರ್ಡ್ ಬದಲಾಗುತ್ತೋ ಸರಿಯಾಗಿ ಆ ಅಕ್ಷರದ ನೆತ್ತಿ ಮೇಲೇ ಬರೀರಿ, ಸುಮಾರಾಗಿ ಅಲ್ಲೆಲ್ಲೋ ಬರೆದ್ರೆ ಮೂರು ತಿಂಗಳಾದ್ಮೇಲೆ ನಿಮಗೇ ಅರ್ಥ ಆಗಲ್ಲ. ಹಾಡು ಗಟ್ಟಿಯಾಗಿ ಒಂದು ರಾಗದ ಮೇಲೆ ಕೂತಿದ್ರೆ, ತೋಡಿ ಗೀಡಿ ಥರದ್ದು, ಕಾರ್ಡ್ ಹುಡುಕೋಕೆ ಹೋಗಬೇಡಿ, ಸ ಪ ಎರಡನ್ನೇ ತಂಬೂರಿ ಥರ ಒತ್ತಿ ಹಿಡಿದು ಬಲಗೈಲಿ ಧಾಟಿ ನುಡಿಸಿ.

ಪ್ರಶ್ನೆ: ಸಾಂಗ್‌ಬುಕ್ ಸ್ಟ್ಯಾಂಡ್ ಮೇಲೆ ತೆರೆದು ನಿಲ್ಲೋದೇ ಇಲ್ಲ, ನುಡಿಸ್ತಿರೋವಾಗ ಪಟ್ ಅಂತ ಮುಚ್ಕೊಳುತ್ತೆ. ಕ್ಲಿಪ್ ಹಾಕಿದ್ರೆ ಪುಟ ತಿರುಗಿಸಕ್ಕಾಗಲ್ಲ.
(ಉಡುಪಿ)

ಉತ್ತರ: ಜೆರಾಕ್ಸ್ ಅಂಗಡಿಗೆ ತಗೊಂಡೋಗಿ ಬೆನ್ನು ಕತ್ತರಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿ. ಹೊಸ ಪುಸ್ತಕಕ್ಕೆ ಬ್ಲೇಡ್ ಹಾಕೋವಾಗ ಹೊಟ್ಟೆ ಉರಿಯುತ್ತೆ, ಆ ಕಡೆ ತಿರುಗಿ ನಿಂತ್ಕೊಳಿ. ಕೊಡೋ ಮುಂಚೆ ಒಳಗಿನ ಅಂಚಲ್ಲಿ ಎಷ್ಟು ಖಾಲಿ ಜಾಗ ಇದೆ ನೋಡಿ ಅಂಗಡಿಯೋನಿಗೆ ಪೆನ್ಸಿಲ್ ಗೆರೆ ಹಾಕಿ ತೋರ್ಸಿ, ಇಲ್ದಿದ್ರೆ ಸಾಲಿನ ಶುರೂಲಿರೋ ಕ್ಲೆಫ್ ಗುರುತಿನ ಮೇಲೇ ತೂತು ಹೊಡೆದು ಕೊಡ್ತಾನೆ, ನನ್ನದೊಂದು ಪುಸ್ತಕದಲ್ಲಿ ಎಡಪುಟದ ಪ್ರತಿ ಸಾಲಿನ ಕೊನೇ ಸ್ವರ ನಾನು ಊಹೆ ಮೇಲೇ ನುಡಿಸೋದು.